ವಿಲಂಬಿತ್ ಲಯದ ಟೇಲರ್

ಧಾರವಾಡದ ನಮ್ಮ ಓಣಿಯ ಟೇಲರ್ ಮಾಮಾ ತೀರಿಕೊಂಡಾಗ ಜನ ಆಡಿದ ಮಾತುಗಳಲ್ಲಿ ಒಂದು ಮಾತು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. 'ಪಾಪ, ಇದ್ದದ್ದರಾಗ ಸುಖಾ ಕಂಡ ಮನಶ್ಯಾ' ಎಂದರು ಒಬ್ಬ ಹಿರಿಯರು. ಉಳಿದವರು ತಲೆಯಾಡಿಸಿದರು. ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು, ಅದಕ್ಕೇ ಯಾರೂ ಎದುರಾಡಲಿಲ್ಲ. ಆದರೆ ಮಾಮಾ ಇದ್ದದ್ದರಲ್ಲಿ ಸುಖ ಕಂಡವರೇ ಅಲ್ಲ. ಇದ್ದದ್ದನ್ನು ಮುಟ್ಟಿ, ಮೂಸಿ, ಹೊರಳಿಸಿ ನೋಡಿ, 'ಇದು ಬರೋಬರಿ ಆಗಿಲ್ಲ' ಎಂದು ವಾಪಸ್ ಕಳಿಸಿದವರು ಅವರು. ಅವರಿಗೆ ಬೇಕಾಗಿದ್ದವು ನಾಲ್ಕೈದು ಸಣ್ಣ ಸಂಗತಿಗಳು. ಆ ನಾಲ್ಕೈದರ ವಿಷಯಕ್ಕೆ ಬಂದರೆ ಸಂಸ್ಥಾನದ ರಾಜರಿಗೂ ಅಷ್ಟು ಹಟ ಇದ್ದಿರಲಾರದು.

ಮಿರ್ಚಿ ಭಜಿಯಿಂದಲೇ ಶುರು ಮಾಡೋಣ. ಧಾರವಾಡದ ಮಳೆಗಾಲ ಧೋ ಎಂದು ಸುರಿದು ಕೈತೊಳೆದುಕೊಳ್ಳುವುದಲ್ಲ. ದಿನಗಟ್ಟಲೆ ಜಿಟಿಜಿಟಿ ಹಿಡಿದು, ಹೊರಗೆ ಹಾಕಿದ ಅರಿವೆ ಒಣಗದಂತೆ, ಒಳಗೆ ಕೂತ ಮನುಷ್ಯ ಬೇರೇನೂ ಯೋಚಿಸದಂತೆ ಮಾಡಿಬಿಡುತ್ತದೆ. ಅಂಥ ಸಂಜೆ ಓಣಿಯ ತುದಿಯ ಗಾಡಿಯಿಂದ ಎಣ್ಣೆ ಕಾದ ವಾಸನೆ ಬಂತೆಂದರೆ ಮಾಮಾನ ಕಾಲು ಮಶೀನಿನ ಮೇಲೆ ನಿಲ್ಲುತ್ತಿರಲಿಲ್ಲ. ಅರ್ಧ ಹೊಲಿದ ತೋಳು ಸೂಜಿಯ ಕೆಳಗೇ ಸಿಕ್ಕಿಕೊಂಡಿರುತ್ತಿತ್ತು, ಮಾಮಾ ಗಾಡಿಯ ಮುಂದೆ. ಆದರೆ ಸಿಕ್ಕದ್ದನ್ನು ತಿನ್ನುವ ಗಿರಾಕಿ ಅಲ್ಲ. ಮೆಣಸಿನಕಾಯಿಗೆ ತೊಟ್ಟು ಇರಲೇಬೇಕು, ಇಲ್ಲದಿದ್ದರೆ ಹಿಡಿಯುವುದೆಲ್ಲಿ? ಹಿಟ್ಟಿನಲ್ಲಿ ಅಜವಾನ ಬಾಯಿಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ಕಡಲೆಹಿಟ್ಟು ತೆಳ್ಳಗೆ ಹತ್ತಿರಬೇಕು. ಒಮ್ಮೆ ದಪ್ಪ ಹಿಟ್ಟಿನ ಭಜಿಯನ್ನು ಬೆಳಕಿಗೆ ಹಿಡಿದು ಗಾಡಿಯವನನ್ನು ಕೇಳಿದರು: 'ಈ ಮೆಣಸಿನಕಾಯಿಗೆ ಕೋಟ್ ಹೊಲದಾಂವ ಯಾಂವೋ? ಅಳತಿ ತಪ್ಪೈತಿ.' ತಿನ್ನುತ್ತಿದ್ದದ್ದು ಎರಡೇ. ಮೂರನೆಯದನ್ನು ಪುಕ್ಕಟೆ ಕೊಟ್ಟರೂ ಮುಟ್ಟುತ್ತಿರಲಿಲ್ಲ. 'ಮೂರನೇದು ಹೊಟ್ಟಿಗೆ ಹೊಕ್ಕತಿ ತಮ್ಮಾ, ನಾಲಿಗಿಗೆ ಅದರ ಸುದ್ದೀನ ಇರೂದಿಲ್ಲ.'

ಪೇಢೆಯ ಬಗ್ಗೆ ಮಾತ್ರ ಅವರಿಗೆ ತಕರಾರು. ಪ್ಲೇಗಿನ ಕಾಲದಲ್ಲಿ ಉತ್ತರದ ಉನ್ನಾವದಿಂದ ಬಂದ ಠಾಕೂರ್ ಮನೆತನ ಲೈನ್ ಬಜಾರಿನಲ್ಲಿ ಹಾಲು ಕಾಯಿಸಿ ಕಾಯಿಸಿ ನಮ್ಮ ಊರಿಗೆ ಹೆಸರು ತಂದುಕೊಟ್ಟಿತು, ನಿಜ. ಆದರೆ ಮಾಮಾ ಅದನ್ನು ಊರವರ ತಿನಿಸೆಂದು ಒಪ್ಪುತ್ತಿರಲಿಲ್ಲ. 'ಅದು ಬಂದವರು ಒಯ್ಯೂದ್ರಿ. ಮಂದಿ ಡಬ್ಬಿ ಒಯ್ತಾರ, ನಾವು ವಾಸನಿ ಇಟಗೋತೀವಿ.' ನೆಂಟರ ನೆಪದಲ್ಲಿ ಮನೆಗೆ ಬಂದ ಡಬ್ಬಿಯಿಂದ ಒಂದು ಪೇಢೆ ತೆಗೆದು ಮೆಲ್ಲಗೆ ಬಾಯಿಗಿಟ್ಟುಕೊಂಡದ್ದನ್ನು ನಾನೇ ನೋಡಿದ್ದೇನೆ. ಸಿದ್ಧಾಂತ ಬೇರೆ, ಪೇಢೆ ಬೇರೆ.

ಗಾಂಧಿ ಚೌಕದಿಂದ ಒಳಗೆ ಹೊರಳಿದರೆ ಕಟ್ಟೆಯ ಮೇಲೆ ಹಲಗೆ ಬಾಗಿಲಿನ ಒಂದು ಖೋಲಿ, ಅದೇ ಅಂಗಡಿ. ಒಂದು ಕಾಲು ಮಶೀನು, ಬಟ್ಟೆ ಕತ್ತರಿಸುವ ಹಲಗೆ, ಇದ್ದಿಲ ಇಸ್ತ್ರಿ, ಗೋಡೆಯ ಮೇಲೆ ವಿಠ್ಠಲ-ರುಕುಮಾಯಿಯರ ಫೋಟೋ, ಅದರ ಪಕ್ಕದ ಗೂಡಿನಲ್ಲಿ ದೇವರಷ್ಟೇ ಭಕ್ತಿಯಿಂದ ಒರೆಸಿಟ್ಟ ರೇಡಿಯೋ. ಹಲಗೆಯ ಕೆಳಗೆ ಅಳತೆ ಪುಸ್ತಕ. ಈ ಪುಸ್ತಕದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಅದರಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ. ಹೆಸರು ಕೇಳುವುದು ಮಾಮಾಗೆ ಸಂಕೋಚ, ಕೇಳಿದರೂ ನೆನಪು ಉಳಿಯುತ್ತಿರಲಿಲ್ಲ. ಮೈಕಟ್ಟು ಮಾತ್ರ ಒಮ್ಮೆ ಕಂಡರೆ ಮರೆಯುತ್ತಿರಲಿಲ್ಲ. ಹಾಗಾಗಿ 'ಪೋಸ್ಟಿನವರು', 'ಎಡಭುಜ ಇಳದ ಮಾಸ್ತರು', 'ದೊಡ್ಡ ಹೊಟ್ಟಿ', ಅದರ ಕೆಳಗೆ 'ಸಣ್ಣ ಹೊಟ್ಟಿ (ಇವರ ಮಗಾ)', ಹೀಗೆ ಪುಟದಿಂದ ಪುಟಕ್ಕೆ ಊರಿನ ಅರ್ಧ ಭಾಗ ಅಲ್ಲಿ ಕೂತಿತ್ತು. ನನ್ನ ಹೆಸರು 'ಬೆಳಿಯೂ ಹುಡುಗ'. ನನ್ನ ಶಾಲೆಯ ಖಾಕಿ ಚಡ್ಡಿಗೆ ಎರಡು ಬೆರಳಷ್ಟು ಒಳಮಡಿಕೆ ಬಿಡಬೇಕು, ವರ್ಷಾ ಬಿಚ್ಚಿ ಬಿಚ್ಚಿ ಇಳಿಸಬೇಕು ಎಂಬ ನನ್ನ ಅವ್ವನ ಆರ್ಥಿಕ ನೀತಿಯಿಂದ ಹುಟ್ಟಿದ ಹೆಸರದು. ಕಾಲೇಜು ಮುಗಿದು, ನೌಕರಿಗೆ ಸೇರಿ, ಬೆಳವಣಿಗೆ ಎತ್ತರವನ್ನು ಬಿಟ್ಟು ಅಗಲಕ್ಕೆ ತಿರುಗಿದ ಮೇಲೂ ಮಾಮಾ ಅದನ್ನು ಬದಲಿಸಲಿಲ್ಲ. 'ಸುಳ್ಳೇನೈತಿ ಅದರಾಗ?' ಎಂದು ಟೇಪನ್ನು ನನ್ನ ಸೊಂಟಕ್ಕೆ ಸುತ್ತಿ ನಕ್ಕರು.

ಇನ್ನು ರೇಡಿಯೋ. ಧಾರವಾಡಕ್ಕೆ ಆಕಾಶವಾಣಿ ಬಂದದ್ದು 1950ರ ಜನವರಿ 8ರಂದು. ಆಗ ಮಾಮಾ ತಮ್ಮ ತಂದೆಯ ಕೈಕೆಳಗೆ ಕಾಜಾ ಮಾಡುತ್ತಿದ್ದ ಹುಡುಗ. ಸಂಗೀತವನ್ನು ಕಲಿತವರಲ್ಲ, ಕಲಿಯುವ ಅನುಕೂಲವೂ ಇರಲಿಲ್ಲ. ಆದರೆ ಈ ಊರಿನಲ್ಲಿ ಕಿವಿ ಎರಡಿದ್ದರೆ ಸಾಕು, ಒಂದಷ್ಟು ಸಂಗೀತ ತಾನಾಗಿ ಒಳಗೆ ಇಳಿಯುತ್ತದೆ. ಮಲ್ಲಿಕಾರ್ಜುನ ಮನ್ಸೂರರು ಇದೇ ಊರಿನ ರಸ್ತೆಗಳಲ್ಲಿ ನಡೆದಾಡುತ್ತಿದ್ದರು, ಗಂಗೂಬಾಯಿಯವರು ಪಕ್ಕದ ಹುಬ್ಬಳ್ಳಿಯಲ್ಲಿ, ಭೀಮಸೇನ ಜೋಶಿಯವರು ಪುಣೆಯಲ್ಲಿದ್ದರೂ ನಮ್ಮ ಗದಗಿನ ಕಡೆಯವರೇ. ರೇಡಿಯೋದಲ್ಲಿ ಇವರು ಹಾಡತೊಡಗಿದರೆ ಮಾಮಾನ ಕಾಲು ತನಗೆ ತಾನೇ ತಾಳ ಹಿಡಿದುಬಿಡುತ್ತಿತ್ತು. ಕಾಲು ತಾಳ ಹಿಡಿದರೆ ಮಶೀನೂ ಹಿಡಿಯಬೇಕು, ಮಶೀನು ಹಿಡಿದರೆ ಗಿರಾಕಿಯ ಅಂಗಿಯ ಭವಿಷ್ಯವೂ ಅದಕ್ಕೆ ಕಟ್ಟುಬಿದ್ದಂತೆ.

ಇದರಿಂದ ಆಗುತ್ತಿದ್ದ ಅನಾಹುತಗಳನ್ನು ಓಣಿಯ ಹಳಬರು ಈಗಲೂ ಲೆಕ್ಕ ಕೊಡುತ್ತಾರೆ. ಮನ್ಸೂರರದು ಜೈಪುರ-ಅತ್ರೌಲಿ ಘರಾಣೆ. ಅಲ್ಲಿ ಬಂದಿಶ್ ತೀರಾ ನಿಧಾನಕ್ಕೆ ಹೋಗುವುದಿಲ್ಲ, ತೀನತಾಲದ ಹದಿನಾರು ಮಾತ್ರೆಗಳು ಹದವಾದ ನಡಿಗೆಯಲ್ಲಿ ಸಾಗುತ್ತವೆ. ಆ ಲಯಕ್ಕೆ ಬಿದ್ದ ಅಂಗಿ ಸಂಜೆಯೊಳಗೆ ತಯಾರು. ಕಿರಾಣಾ ಘರಾಣೆಯವರು ವಿಲಂಬಿತ್ ಏಕತಾಲ ಹಿಡಿದರೋ, ಮುಗಿಯಿತು. ಹನ್ನೆರಡು ಮಾತ್ರೆಯ ಒಂದು ಸುತ್ತು ಮುಗಿಯುವುದರೊಳಗೆ ಒಂದು ಕಾಲರ್ ಅರ್ಧವೂ ಆಗುತ್ತಿರಲಿಲ್ಲ. ತೋಳು ಜೋಡಿಸುವುದು ಮರುದಿನಕ್ಕೆ. ದ್ರುತ್ ಶುರುವಾದರೆ ಇನ್ನೊಂದು ಕಷ್ಟ: ಹೊಲಿಗೆ ಓಡಿ ಓಡಿ ಅಂಚು ದಾಟಿ ಹೋಗುತ್ತಿತ್ತು. ಅನುಭವಸ್ಥರು ಬಟ್ಟೆ ಕೊಡುವ ಮುಂಚೆ ರೇಡಿಯೋದಲ್ಲಿ ಯಾರ ಗಾಯನವಿದೆಯೆಂದು ವಿಚಾರಿಸುತ್ತಿದ್ದರು. ಮನೆಯ ಮದುವೆಯ ಅವಸರದಲ್ಲಿದ್ದ ಒಬ್ಬರು 'ಮಾಮಾ, ಇದನ್ನ ಪ್ರದೇಶ ಸಮಾಚಾರ ಬರೂ ಮುಂದ ಹೊಲದಬಿಡ್ರಿ, ಕೈ ಮುಗಿತೀನಿ' ಎಂದು ಬೇಡಿಕೊಂಡಿದ್ದರು. ವಾರ್ತೆಗೆ ತಾಳವಿಲ್ಲವಲ್ಲ.

ನನ್ನ ಪ್ರಕಾರ ಹೊಲಿಗೆ ಯಂತ್ರದಷ್ಟು ಜಾಣತನದ ವಸ್ತು ಮನೆಯೊಳಗೆ ಇನ್ನೊಂದು ಬಂದಿಲ್ಲ. ಕೈಸೂಜಿಗೆ ಕಣ್ಣು ಹಿಂಬದಿಗೆ, ಯಂತ್ರದ ಸೂಜಿಗೆ ಕಣ್ಣು ಮೊನೆಯ ಹತ್ತಿರ. ಇಷ್ಟೇ ಗುಟ್ಟು. ಮೇಲಿನ ದಾರ ಬಟ್ಟೆಯೊಳಗೆ ಇಳಿದು ಕುಣಿಕೆಯಾಗಿ, ಕೆಳಗಿನ ಬಾಬಿನ್ನಿನ ದಾರವನ್ನು ಹಿಡಿದುಕೊಂಡು ಬಟ್ಟೆಯ ನಟ್ಟನಡುವೆ ಗಂಟುಬೀಳುತ್ತದೆ. ಇದಕ್ಕೆ 1846ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಎಲಿಯಾಸ್ ಹೋವ್‌ಗೆ ಕನಸಿನಲ್ಲಿ ಕಾಡುಜನ ಮೊನೆಯಲ್ಲಿ ತೂತಿದ್ದ ಭರ್ಚಿ ಹಿಡಿದು ಬಂದರಂತೆ, ಅದರಿಂದ ಹೊಳೆಯಿತಂತೆ. ಕಥೆ ಚೆನ್ನಾಗಿದೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅವನಿಗಿಂತ ಮೊದಲು, 1830ರಲ್ಲಿ, ಫ್ರಾನ್ಸಿನ ಬಾರ್ತೆಲೆಮಿ ತಿಮೊನಿಯೆ ಎಂಬ ಬಡ ಟೇಲರ್ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಪ್ಯಾರಿಸ್‌ನಲ್ಲಿ ಅಂಥ ಸುಮಾರು 80 ಯಂತ್ರಗಳನ್ನಿಟ್ಟು ಸೈನಿಕರ ಸಮವಸ್ತ್ರ ಹೊಲಿಸತೊಡಗಿದಾಗ, ಹೊಟ್ಟೆಯ ಮೇಲೆ ಹೊಡೆತ ಬಿತ್ತೆಂದು ಊರಿನ ಟೇಲರುಗಳೇ ನುಗ್ಗಿ ಎಲ್ಲವನ್ನೂ ಪುಡಿ ಮಾಡಿದರು. ಆತ ಬಡತನದಲ್ಲೇ ಸತ್ತ. ಇದನ್ನು ಮಾಮಾಗೆ ಹೇಳಿದಾಗ ಮರುಗುತ್ತಾರೆಂದು ಭಾವಿಸಿದ್ದೆ. ಅವರು ದಾರವನ್ನು ಹಲ್ಲಿನಿಂದ ಕಡಿದು, 'ಒಡದದ್ದು ತಪ್ಪೇನಲ್ಲ, ಹೊಟ್ಟಿ ಪ್ರಶ್ನಿ. ಆದ್ರ ಅಷ್ಟೂ ಮಂದ್ಯಾಗ ಒಬ್ಬರೂ ಒಂದ ಮಶೀನ ಮನಿಗೆ ಒಯ್ಯಲಿಲ್ಲಲ್ಲ, ಎಂಥಾ ಟೇಲರ್‌ಗೋಳ್ರೀ?' ಎಂದರು.

ಅವರದು ಸಿಂಗರ್ ಮಶೀನು, ತಂದೆ ಕಂತಿನಲ್ಲಿ ಕೊಂಡದ್ದು. ಕಂತಿನ ಪದ್ಧತಿಯನ್ನು ಮನೆಮನೆಗೆ ಮುಟ್ಟಿಸಿದ್ದು ಕೂಡ ಆ ಕಂಪನಿಯೇ. ಯಂತ್ರಗಳ ಬಗ್ಗೆ ಅಷ್ಟೊಂದು ಅನುಮಾನವಿದ್ದ ಗಾಂಧೀಜಿ 1924ರಲ್ಲಿ ರಾಮಚಂದ್ರನ್ ಎಂಬ ವಿದ್ಯಾರ್ಥಿಯೊಡನೆ ಮಾತಾಡುವಾಗ ಇದೊಂದಕ್ಕೆ ಮಾತ್ರ ರಿಯಾಯಿತಿ ಕೊಟ್ಟಿದ್ದರು. ಹೆಂಡತಿ ಕೈಹೊಲಿಗೆಯಲ್ಲಿ ಸವೆಯುವುದನ್ನು ನೋಡಲಾರದೆ ಸಿಂಗರ್ ಇದನ್ನು ಮಾಡಿದನೆಂಬುದು ಅವರ ಮೆಚ್ಚುಗೆಗೆ ಕಾರಣ. ಈ ಸಂಗತಿಯನ್ನು ಯಾವ ಗಳಿಗೆಯಲ್ಲಿ ಮಾಮಾನ ಕಿವಿಗೆ ಹಾಕಿದೆನೋ, ಅಂದಿನಿಂದ ಅವಸರ ಮಾಡುವ ಗಿರಾಕಿಗಳಿಗೆಲ್ಲ ಒಂದೇ ಉತ್ತರ: 'ಇದು ಗಾಂಧೀ ಮಹಾತ್ಮಾ ಒಪ್ಪಿದ ಮಶೀನ್ರಿ. ಇದಕ್ಕ ಜುಲುಮಿ ಮಾಡಬಾರದು.'

ಹೆಂಡತಿಯ ಮಾತು ಬಂತು. ಮಾಮಾನ ನಗುವಿನ ಖರ್ಚನ್ನು ಯಾರು ಭರಿಸುತ್ತಿದ್ದರು ಎಂದು ಕೇಳಿದರೆ ಉತ್ತರ ಮಾಮಿ. ಗುಂಡಿ, ಕಾಜಾ, ಕೈಹೊಲಿಗೆಯ ಅಂಚು ಎಲ್ಲ ಮನೆಯಲ್ಲಿ ಅವರ ಪಾಲು. ಮಾಮಾ ಭಜಿ ಗಾಡಿಯ ಮುಂದಿದ್ದಾಗ ಗಿರಾಕಿಯ ಬೈಗುಳ ತಿನ್ನುತ್ತಿದ್ದವರು, ಹಬ್ಬದ ಹಿಂದಿನ ರಾತ್ರಿ ಚಿಮಣಿ ಬುಡ್ಡಿಯ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಮಾಮಾ ಕೊಟ್ಟ ಮಾತನ್ನು ಉಳಿಸುತ್ತಿದ್ದವರು ಅವರೇ. ಸಂತೋಷದ ಗಂಡಸರ ಬಗ್ಗೆ ಬರೆಯುವಾಗ ಇದನ್ನು ಹಾರಿಸಿಬಿಡುವ ರೂಢಿ ನಮ್ಮಲ್ಲಿದೆ. ನಾನು ಕೇಳಿಯೇ ಬಿಟ್ಟಿದ್ದೆ, ನಿಮಗೆ ಬ್ಯಾಸರಾ ಆಗೂದಿಲ್ಲೇನ್ರೀ ಮಾಮಿ ಎಂದು. 'ಆಗತೈತಿ' ಎಂದರು ಮಾಮಿ, ಸೂಜಿಯಿಂದ ಕಣ್ಣೆತ್ತದೆ. 'ಸಿಟ್ಟಿನ ಗಂಡನ ಕೂಡ ಬ್ಯಾಸರಾ ಪಡೂದಕ್ಕಿಂತ ಇದು ಸಸ್ತಾ.' ಅದರಲ್ಲಿ ಹೊಗಳಿಕೆ ಎಷ್ಟು, ದೂರು ಎಷ್ಟು ಎಂದು ನನಗೆ ಬಿಡಿಸಲಾಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ಇಕ್ಕಟ್ಟು ಆಷಾಢದಲ್ಲಿ. ಮಾಮಾ ನಾಮದೇವ ಸಿಂಪಿ ಮನೆತನದವರು. ಪಂಢರಪುರದ ವಿಠ್ಠಲನ ಭಕ್ತ ನಾಮದೇವರು ಹೊಲಿಗೆಯ ಕುಲದವರು. ಅವರ 61 ಪದಗಳು ಸಿಖ್ಖರ ಗ್ರಂಥಸಾಹಿಬಿನಲ್ಲಿ ಸೇರಿವೆ. ನಮ್ಮ ಶರಣರಲ್ಲೂ ಸೂಜಿಕಾಯಕದ ರಾಮಿತಂದೆ ಎಂಬೊಬ್ಬರು ಇದ್ದರು ಎಂದು ನಾನು ಹೇಳಿದರೆ, ಮಾಮಾ 'ಹಂಗಾರ ನಮ್ಮಾಂವನ' ಎಂದು ಅವರನ್ನೂ ಬಳಗಕ್ಕೆ ಸೇರಿಸಿಕೊಂಡಿದ್ದರು. ಆಷಾಢ ಏಕಾದಶಿಗೆ ಪಂಢರಪುರ ತಪ್ಪಿಸುವ ಪ್ರಶ್ನೆಯೇ ಇಲ್ಲ. ತೊಡಕೆಂದರೆ, ಆ ಏಕಾದಶಿ ಕಳೆದು ಮೂರೂವರೆ ವಾರಕ್ಕೆ ನಾಗರ ಪಂಚಮಿ. ಉತ್ತರ ಕರ್ನಾಟಕದಲ್ಲಿ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬರಬೇಕು, ಉಂಡಿ ಕಟ್ಟಬೇಕು, ಜೋಕಾಲಿ ಆಡಬೇಕು, ಹೊಸ ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ತೊಡಬೇಕು. ಖಣ ಹೊಲಿಯುವುದು ಸುಮ್ಮನೆ ಕೆಲಸವಲ್ಲ. ಅದರ ಅಂಚು ಎರಡೂ ತೋಳಿನ ತುದಿಗೆ ಸರಿಯಾಗಿ ಬಂದು ಕೂರಬೇಕು, ನೇಯ್ಗೆಯ ತೇರು ತಲೆಕೆಳಗಾಗಬಾರದು, ಕತ್ತರಿ ಒಂದು ಬೆರಳು ತಪ್ಪಿದರೆ ಇಡೀ ಖಣ ಹೋಯಿತು. ಓಣಿಯ ಹೆಂಗಸರೆಲ್ಲ ಖಣ ತಂದು ಹಲಗೆಯ ಮೇಲೆ ಒಟ್ಟಿದ ಹೊತ್ತಿಗೆ ಸರಿಯಾಗಿ ಮಾಮಾ ಟಾಳ ಕೈಯಲ್ಲಿ ಹಿಡಿದು ದಿಂಡಿಯ ಜೊತೆ ಪಂಢರಪುರದ ದಾರಿ ಹಿಡಿದಿರುತ್ತಿದ್ದರು. ಬಾಗಿಲಿಗೆ ಚಾಕಿನಲ್ಲಿ ಒಂದು ಸಾಲು: 'ಪಂಚಮಿಗೆ ಕೊಡತೀನಿ.'

ವಾಪಸ್ ಬಂದವರ ಮೇಲೆ ಜಗಳಕ್ಕೆ ನಿಂತವರ ಬಾಯಿಗೆ ಮೊದಲು ಪ್ರಸಾದದ ಚುರಮುರಿ-ಬತ್ತಾಸು ಬೀಳುತ್ತಿತ್ತು. ಬಾಯಿ ತುಂಬಿದ ಮೇಲೆ ಬೈಯುವುದು ಹೇಗೆ? ಅಷ್ಟರೊಳಗೆ ಮಾಮಾ ಘಾಟದ ಸುದ್ದಿ, ಚಂದ್ರಭಾಗೆಯ ನೀರಿನ ಸುದ್ದಿ, ದಾರಿಯಲ್ಲಿ ಒಬ್ಬ ಮುದುಕಿ ತಿನ್ನಿಸಿದ ಝುಣಕಾ-ಭಾಕರಿಯ ಸುದ್ದಿ ಎಲ್ಲ ಹೇಳಿ ಮುಗಿಸಿ, ಜಗಳಕ್ಕೆ ಬಂದಾಕೆಯ ಅಳತೆಯನ್ನೂ ಇನ್ನೊಮ್ಮೆ ತೆಗೆದುಕೊಂಡಿರುತ್ತಿದ್ದರು. ಆ ಝುಣಕದ ವರ್ಣನೆ ಎಷ್ಟು ಚೊಕ್ಕವಾಗಿರುತ್ತಿತ್ತೆಂದರೆ, ಹಸಿಮೆಣಸಿನಕಾಯಿ ಅರೆದು ಹಾಕಿದ್ದೋ ಜಜ್ಜಿ ಹಾಕಿದ್ದೋ ಎಂಬುದೂ ಗಿರಾಕಿಗೆ ಗೊತ್ತಾಗುತ್ತಿತ್ತು.

ಕತ್ತರಿಸಿ ಉಳಿದ ತುಂಡುಗಳನ್ನು ಮಾಮಾ ಒಂದು ಗೋಣಿಚೀಲದಲ್ಲಿ ತುಂಬಿಡುತ್ತಿದ್ದರು. ಕೌದಿ ಹೊಲಿಯುವ ಮುದುಕಿಯರು ಬಂದು ಒಯ್ಯುತ್ತಿದ್ದರು, ದುಡ್ಡಿಲ್ಲ. ಹಳೆಯ ಸೀರೆಯ ಪದರುಗಳ ಮೇಲೆ ಈ ತುಂಡುಗಳನ್ನಿಟ್ಟು ಸಾಲು ಸಾಲಾಗಿ ಕೈಹೊಲಿಗೆ ಹಾಕಿದರೆ ಚಳಿಗಾಲಕ್ಕೆ ಕೌದಿ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಗೆ ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ 'ಫೂಲ' ಇಡಲೇಬೇಕಂತೆ, ಇಡದಿದ್ದರೆ ಅದು ಬತ್ತಲೆ ಎಂದೇ ಅವರ ಲೆಕ್ಕ. ಇದನ್ನು ಎಲ್ಲೋ ಕೇಳಿಕೊಂಡು ಬಂದ ಮಾಮಾ ನಮ್ಮ ಓಣಿಯ ಮುದುಕಿಯರಿಗೂ ಮೂಲೆಗೆ ಹೂ ಇಡಲು ಒತ್ತಾಯ ಮಾಡಿದರು. ಬಟ್ಟೆ ಪುಕ್ಕಟೆ, ಹೂ ಕಡ್ಡಾಯ. ನಮ್ಮ ಮನೆಯ ಕೌದಿಯೊಂದರ ಮೂಲೆಯಲ್ಲಿ ಇಂಥ ಹೂ ಇನ್ನೂ ಇದೆ, ನನ್ನ ಖಾಕಿ ಚಡ್ಡಿಯ ತುಂಡಿನದು.

ರೆಡಿಮೇಡ್ ಬಂತು, ಟೇಲರ್ ಹಾಳಾದ ಎಂದು ಬರೆದರೆ ಓದುಗರಿಗೆ ಕಣ್ಣೀರು ಬರುತ್ತದೆ, ಬರೆದವನಿಗೂ ಹಿತ. ಮಾಮಾನ ವಿಷಯದಲ್ಲಿ ಅದು ನಿಜವಲ್ಲ. ಅಂಗಿ ಹೊಲಿಸುವವರು ಕಡಿಮೆಯಾದರು, ಪ್ಯಾಂಟಿನ ಉದ್ದ ಕತ್ತರಿಸುವವರು ಹೆಚ್ಚಾದರು. ಜೀನ್ಸ್ ಕಂಪನಿಯವರಿಗೆ ಧಾರವಾಡದವರ ಕಾಲಿನ ಅಳತೆ ಎಂದೂ ಗೊತ್ತಾಗಲಿಲ್ಲ, ಮಾಮಾಗೆ ಅದೇ ಅನ್ನವಾಯಿತು. ಹತ್ತು ನಿಮಿಷದ ಕೆಲಸ, ಕೈಗೆ ನಗದು, ಉಳಿದ ಹೊತ್ತು ರೇಡಿಯೋಕ್ಕೆ ಮತ್ತು ಚಹಾಕ್ಕೆ. ಬೇಸರಪಟ್ಟದ್ದನ್ನು ನಾನು ಕಾಣಲಿಲ್ಲ. ಮಗ ಬೆಂಗಳೂರಿನ ಒಂದು ಗಾರ್ಮೆಂಟ್ಸಿಗೆ ಸೇರಿಕೊಂಡ. ಒಮ್ಮೆ ಅಪ್ಪನನ್ನು ಕರೆದುಕೊಂಡು ಹೋಗಿ ತೋರಿಸಿದನಂತೆ. ಉದ್ದಕ್ಕೆ ಸಾಲು ಸಾಲು ಮಶೀನು, ಒಬ್ಬಾಕೆ ಕಾಲರ್ ಮಾತ್ರ, ಇನ್ನೊಬ್ಬಾಕೆ ಕಿಸೆ ಮಾತ್ರ, ಮತ್ತೊಬ್ಬಾಕೆ ಬರೀ ತೋಳು. ಮಾಮಾ ಕೊನೆಯವರೆಗೆ ನಡೆದು, ಮಡಚಿಟ್ಟ ಅಂಗಿಯೊಂದನ್ನು ಎತ್ತಿ ಹಿಡಿದು, 'ಇದನ್ನ ಹೊಲದವರು ಯಾರಪಾ?' ಎಂದು ಕೇಳಿದರಂತೆ. ಮಗ ಇಡೀ ಸಾಲನ್ನು ತೋರಿಸಿದ. 'ಇಷ್ಟೂ ಮಂದಿ ಸೇರಿ ಒಂದ ಅಂಗೀನ? ಹಂಗಾರ ಹೊತ್ತು ಭಾಳ ಉಳದಿರಬೇಕು ಇವರಿಗೆ. ಚಾ ಎಲ್ಲಿ ಕುಡೀತಾರ?' ಮಗ ಉತ್ತರ ಹೇಳಲಿಲ್ಲ ಎಂದು ಮಾಮಾ ನನಗೆ ಹೇಳಿದಾಗ ಮಾತ್ರ ಅವರ ಮುಖದಲ್ಲಿ ನಗು ಇರಲಿಲ್ಲ.

ತಿಥಿ ಮುಗಿದ ಮೇಲೆ ಆ ಮಗನೇ ಹಲಗೆ ಬಾಗಿಲು ತೆಗೆದು, ಒಳಗಿದ್ದ ಬಟ್ಟೆಯ ಗಂಟುಗಳನ್ನು ಕಟ್ಟೆಯ ಮೇಲೆ ತಂದಿಟ್ಟ. ಹೊಲಿದವು ಕೆಲವು, ಕತ್ತರಿಸಿ ಬಿಟ್ಟವು ಕೆಲವು, ಮುಟ್ಟದೇ ಇಟ್ಟವು ಬೇಕಾದಷ್ಟು. ಒಂದು ಖಣಕ್ಕೆ 'ಪಂಚಮಿಗೆ' ಎಂಬ ಚೀಟಿ ಚುಚ್ಚಿತ್ತು. ಯಾವ ವರ್ಷದ ಪಂಚಮಿಗೆ ಎಂದು ಬರೆದಿರಲಿಲ್ಲ. ಸುದ್ದಿ ತಿಳಿದು ಓಣಿ ಕೂಡಿತು. ಹುಡುಗ ಅಳತೆ ಪುಸ್ತಕ ತೆರೆದು ಒಂದೊಂದೇ ಹೆಸರು ಕೂಗತೊಡಗಿದ. 'ಪೋಸ್ಟಿನವರು' ಎಂದರೆ ಪೋಸ್ಟಿನವರ ಮಗ ಬಂದ. 'ಎಡಭುಜ ಇಳದ ಮಾಸ್ತರು' ಎಂದಾಗ ಮಾಸ್ತರರು ನಾಚಿಕೊಂಡು ಬಲಭುಜವನ್ನು ಮುಂದೆ ಮಾಡಿ ಬಂದು ಒಯ್ದರು. 'ಬೆಳಿಯೂ ಹುಡುಗ' ಎಂದಾಗ ನಾನು ನರೆತ ತಲೆ ಸವರಿಕೊಳ್ಳುತ್ತ ಎದ್ದೆ, ಹೆಂಗಸರ ಕಡೆಯಿಂದ ನಗೆ ಕೇಳಿಸಿತು. ಆಮೇಲೆ ಹುಡುಗ ಒಂದು ಕಂದು ಸಫಾರಿ ಬಟ್ಟೆಯನ್ನು ಎತ್ತಿ ಹಿಡಿದು 'ದೊಡ್ಡ ಹೊಟ್ಟಿ' ಎಂದ.

ಯಾರೂ ಏಳಲಿಲ್ಲ. ಅವನು ಇನ್ನೊಮ್ಮೆ ಕೂಗಿದ. ಕೂತಿದ್ದವರಲ್ಲಿ ಆ ಹೆಸರಿಗೆ ಸಲ್ಲುವವರು ಮೂರು ಜನ ಕಾಣುತ್ತಿದ್ದರು. ಮೂವರೂ ಉಸಿರು ಒಳಗೆಳೆದುಕೊಂಡು, ಎದುರಿನ ಗೋಡೆ ನೋಡುತ್ತ, ಬೇರೆಯವರಾರಾದರೂ ಎದ್ದಾರೆಂದು ಕಾಯುತ್ತಿದ್ದರು. ಬಟ್ಟೆ ಬೆಲೆಬಾಳುವಂಥದ್ದು, ಬಿಡಲೂ ಮನಸ್ಸಿಲ್ಲ. ಹಾಗೇ ಸ್ವಲ್ಪ ಹೊತ್ತಾಯಿತು. ಒಳಗಿನಿಂದ ಮಾಮಿ ಬಂದರು. ಕಟ್ಟೆಯ ಮೇಲಿನ ಗದ್ದಲ, ಪುಸ್ತಕ, ಸಫಾರಿ ಎಲ್ಲವನ್ನೂ ಒಂದು ಸಲ ನೋಡಿದರು. ಮೊಳೆಗೆ ತೂಗುಬಿಟ್ಟಿದ್ದ ಟೇಪನ್ನು ತೆಗೆದುಕೊಂಡು, ಪುಸ್ತಕದಲ್ಲಿ ಸೊಂಟದ ಅಳತೆ ಎಷ್ಟು ಬರೆದಿದೆ ಓದೆಂದು ಮಗನಿಗೆ ಹೇಳಿ, ಮೂವರ ಕಡೆಗೆ ನಡೆದರು.

'ಉಸರು ಬಿಡ್ರಿ' ಎಂದರು.